ಚಿತ್ರ ಬರೆದ್ರೆ ಹೊಳೆ ಕ್ಲೀನ್ ಆಗುತ್ತಾ ಸಾರ್?

ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಹೈಸ್ಕೂಲು, ಪಿಯುಸಿ ಹುಡುಗ್ರನ್ನ ಕಟ್ಕೊಂಡು, ಕೈಯಲ್ಲಿ ರಟ್ಟು, ಡ್ರಾಯಿಂಗ್ ಶೀಟು ಹಿಡ್ಕೊಂಡು, ತುಂಗಭದ್ರೆ ದಂಡೇಲಿ ಚಿತ್ರ ಬರೆಸೋಕೆ ನಾನು ದಾವಣಗೆರೆಯಿಂದ ಹರಿಹರದ ಬಸ್ ಹತ್ತೋದನ್ನ ನೋಡಿದವ್ರೆಲ್ಲ ಕೇಳೋದು ಇದೊಂದೇ. ದೋಸೆ ಹೋಟ್ಲಲ್ಲಿ ಕೇಳಿದಾರೆ, ಮದ್ವೆ ಮನೇಲಿ ಎಲೆ ಮುಂದೆ ಕೂತಾಗ ಕೇಳಿದಾರೆ, ಮೊನ್ನೆ ಕಟಿಂಗ್ ಶಾಪಲ್ಲಿ ಕತ್ತಿಗೆ ಬ್ಲೇಡ್ ಇಟ್ಕೊಂಡೇ ಒಬ್ಬ ಕೇಳಿದ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಆಗಲ್ಲ. ಪೆನ್ಸಿಲ್‌ನಿಂದ ಚರಂಡಿ ನಿಲ್ಲಲ್ಲ, ಅದಕ್ಕೆ ದುಡ್ಡು ಬೇಕು, ಪೈಪ್ ಬೇಕು, ನೀರು ಶುದ್ಧ ಮಾಡೋ ಘಟಕ ಬೇಕು. ಹಂಗಿದ್ರೆ ಯಾಕೆ ಹೋಗ್ತೀಯಪ್ಪಾ ಅಂದ್ರೆ, ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ದಾವಣಗೆರೆ ಹುಡುಗ್ರಿಗೆ ಹೊಳೆ ಅಂದ್ರೆ ಹರಿಹರದ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಒಂದು ರೂಪಾಯಿ ಎಸೆಯೋದು, ಅಷ್ಟೇ. ಮೊದಲನೇ ದಿನ ನಾನು ಎಲ್ರನ್ನೂ ಕೇಳೋದು, ನಿಮ್ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ. ಟ್ಯಾಂಕಿಂದ ಅಂತಾರೆ. ಟ್ಯಾಂಕಿಗೆ? ಕಾರ್ಪೊರೇಷನ್‌ನೋರು ಬಿಡ್ತಾರೆ ಸಾರ್. ಅವ್ರಿಗೆ? ಅಲ್ಲಿಗೆ ಎಲ್ರೂ ಸುಮ್ನಾಗ್ತಾರೆ. ಹರಿಹರದ ಹತ್ರ ರಾಜನಹಳ್ಳೀಲಿ ತುಂಗಭದ್ರೆಯಿಂದ ನೀರೆತ್ತಿ ಊರಿಗೆ ಪಂಪ್ ಮಾಡ್ತಾರೆ, ಇನ್ನೊಂದು ಕಡೆ ಲಕ್ಕವಳ್ಳಿ ಡ್ಯಾಮಿನ ನೀರು ಭದ್ರಾ ನಾಲೇಲಿ ಬಂದು ಕುಂದವಾಡ ಕೆರೆ ತುಂಬುತ್ತೆ. ಅಂದ್ರೆ ಹದಿನಾಲ್ಕು ಕಿಲೋಮೀಟರ್ ದೂರದ ಹೊಳೆ ಅಡುಗೆ ಮನೇಲೇ ಐತೆ, ನಾವು ಗುರುತು ಹಿಡಿದಿಲ್ಲ ಅಷ್ಟೇ. ಇದು ಗೊತ್ತಾದ ವಾರ ಒಂದು ಹುಡುಗಿ, ನಲ್ಲೀಲಿ ನೀರು ಬಿಟ್ಟಾಗ "ಅಮ್ಮಾ ಹೊಳೆ ಬಂತು" ಅಂತ ಕೂಗಿದ್ದಾಳೆ, ಅವ್ರಜ್ಜಿ ಪ್ರವಾಹಾನೇ ಬಂತು ಅಂದ್ಕೊಂಡು ಬಾಗ್ಲಿಗೆ ಓಡಿ ಬಂದ್ರಂತೆ.

ಹರಿಹರದಲ್ಲಿ ಇಳಿದ್ಮೇಲೆ ಮೊದ್ಲು ಹರಿಹರೇಶ್ವರ ಗುಡಿ, ಹೊಯ್ಸಳರ ಕಾಲದಲ್ಲಿ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು, ಅಲ್ಲಿ ಜಾಸ್ತಿ ಹೊತ್ತು ಕೂರಲ್ಲ, ಕಂಬ ಬರೆಯೋಕೆ ಶುರು ಮಾಡಿದ್ರೆ ಮಧ್ಯಾಹ್ನ ಆಗೋಗುತ್ತೆ. ಸೂಳೆಕೆರೆ ಕಡೆಯಿಂದ ಬರೋ ಹರಿದ್ರಾ ಹಳ್ಳ ಈ ಊರಲ್ಲೇ ತುಂಗಭದ್ರೆ ಸೇರೋದು. ದಂಡೆಗೆ ಹೋದ್ಮೇಲೆ ರೂಲ್ ಒಂದೇ, ಒಂದು ಜಾಗ, ಒಂದು ವಸ್ತು, ಅರ್ಧ ಗಂಟೆ, ಮೊಬೈಲ್ ಬ್ಯಾಗಲ್ಲಿ. ಮೊದಲ ಹತ್ತು ನಿಮಿಷ ನರಳಾಟ. ಆಮೇಲೆ ನೋಡ್ಬೇಕು. ಒಂದ್ಸಲ ಬಂಡೆ ಮೇಲೆ ನೀರುಕಾಗೆ ರೆಕ್ಕೆ ಅಗಲಿಸ್ಕೊಂಡು ನಿಂತಿತ್ತು, ಒಬ್ಳು ಬರೀತಾ ಬರೀತಾ "ಇದು ಯಾಕ್ ಸಾರ್ ಹಾರ್ತಾನೂ ಇಲ್ಲ ರೆಕ್ಕೆ ಮಡಚ್ತಾನೂ ಇಲ್ಲ" ಅಂದ್ಳು. ಬಾತುಕೋಳಿ ಗರಿ ನೆನೆಯಲ್ಲ, ನೀರುಕಾಗೇದು ನೆನೆಯುತ್ತೆ, ನೆಂದ್ರೇನೇ ಅದಕ್ಕೆ ಮುಳುಗಿ ಮೀನು ಹಿಡಿಯೋಕೆ ಸುಲಭ, ಎದ್ಮೇಲೆ ಬಟ್ಟೆ ಒಣಹಾಕ್ದಂಗೆ ನಿಲ್ಬೇಕು. ಫೋಟೋ ಹೊಡ್ಕೊಂಡಿದ್ರೆ ಅವಳು ಈ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ, ಅದಕ್ಕೆ ನಂಗೆ ಪೆನ್ಸಿಲ್ ಮೇಲೆ ನಂಬಿಕೆ.

ಬಣ್ಣ ನಾವೇ ಮಾಡ್ಕೊಳ್ತೀವಿ, ನಂಗೆ ಬಲು ಇಷ್ಟದ ಕೆಲಸ ಇದು. ಜಾಲಿ ಮರದ ಅಂಟು ರಾತ್ರಿ ನೀರಲ್ಲಿ ನೆನೆಹಾಕಿ ಬಟ್ಟೇಲಿ ಸೋಸ್ಬೇಕು, ಹೊಲದ ಎರೆಮಣ್ಣು ಒಂದು, ಕೆಮ್ಮಣ್ಣು ಒಂದು, ಚೆನ್ನಾಗಿ ಅರೆದು ಜರಡಿ ಹಿಡಿದು ಅಂಟಿನ ನೀರಲ್ಲಿ ಕಲಸ್ಬೇಕು. ಕಪ್ಪಿಗೆ ಒಲೆ ಇದ್ದಿಲು. ಎರೆಮಣ್ಣು ದಪ್ಪ ಬಳಿದ್ರೆ ಒಣಗಿದ್ಮೇಲೆ ಬೇಸಿಗೆ ಹೊಲದಂಗೇ ಕಾಗದದ ಮೇಲೆ ಬಿರುಕು ಬಿಡುತ್ತೆ, ಹುಡುಗ್ರಿಗೆ ಬೇಜಾರು, ನಂಗೆ ಖುಷಿ.

ಈ ಬಣ್ಣದಿಂದಾನೇ ಒಂದು ಫಜೀತಿ ಆಯ್ತು. ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗ, ಎಲ್ರೂ ಮಿಂಚುಳ್ಳಿ ಬೆಳ್ಳಕ್ಕಿ ಬರೀತಿದ್ರೆ ಇವನು ಹೊಳೆಗೆ ಬೀಳೋ ಚರಂಡಿ ಮುಂದೆ ಕೂತ. ಅದರ ಬಾಯಲ್ಲಿ ಅಂತರಗಂಗೆ ದಟ್ಟವಾಗಿ ಬೆಳೆದಿತ್ತು, ಚರಂಡಿ ನೀರೇ ಅದಕ್ಕೆ ಗೊಬ್ಬರ. ಕಪ್ಪು ಕಲಸಿದ, ಬೂದಿ ಹಾಕಿದ, ಕೆಮ್ಮಣ್ಣು ಚಿಟಿಕೆ ಹಾಕಿದ, ಆ ನೀರಿನ ಬಣ್ಣ ಬರ್ಲೇ ಇಲ್ಲ. ಮೇಲಿನ ನೊರೆ ಅಂತೂ ಕಾಗದದ ಬಿಳಿ ಬಿಟ್ಟು ತೋರಿಸ್ಬೇಕಾಯ್ತು. "ಈ ನೊರೆ ಎಲ್ಲಿಂದ ಸಾರ್?" ಬಾ ನೋಡೋಣ ಅಂತ ಆ ಚರಂಡಿ ಜಾಡು ಹಿಡ್ಕೊಂಡು ಊರೊಳಕ್ಕೆ ನಡೆದ್ವಿ, ಹಿಂದೆ ಉಳಿದ ಹನ್ನೊಂದು ಜನಾನೂ ಬಂದ್ರು. ಈ ಕಡೆ ಹೋದ್ರೆ ಮನೆಗಳು, ಆ ಕಡೆ ಇದೇ ನೀರು ಹೊಳೇಲಿ ಹರ್ಕೊಂಡು ಹೋಗಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನೀರುನಾಯಿಗಳಿಗೆ ಅಂತ 2015ರಲ್ಲಿ ಸರ್ಕಾರ ಮೀಸಲಿಟ್ಟ ಜಾಗ ಮುಟ್ಟುತ್ತೆ ಅಂತ ದಾರೀಲಿ ಹೇಳ್ದೆ. ಅವನು ಕೇಳಿಸ್ಕೊಳ್ತಿದ್ನೋ ಇಲ್ವೋ. ಒಂದು ಓಣೀಲಿ ಗಕ್ಕನೆ ನಿಂತ, ಬಚ್ಚಲ ಪೈಪಿಂದ ಸೋಪಿನ ನೀರು ಬೀಳ್ತಿತ್ತು. "ಇದು ನಮ್ಮತ್ತೆ ಮನೆ ಸಾರ್."

ಅತ್ತೆ ಹೊರಗೆ ಬಂದ್ರು, ಹನ್ನೆರಡು ಜನ ಅವ್ರ ಪೈಪ್ ನೋಡ್ತಾ ನಿಂತಿದ್ದು ಕಂಡು ಮೊದ್ಲು ಗಾಬರಿ, ಆಮೇಲೆ ಎಲ್ರಿಗೂ ಮಂಡಕ್ಕಿ, ಚಾ.

ಇನ್ನು ಅಪ್ಪ ಅಮ್ಮಂದಿರು ಕೇಳೋದು ಬೇರೆ, ಮಗು ನೀರಿಗಿಳಿದ್ರೆ ಯಾರು ಜವಾಬ್ದಾರಿ ಅಂತ. ಸರಿಯಾದ ಪ್ರಶ್ನೇನೇ. ಮರಳು ತೆಗೆದ ಗುಂಡಿ ಮೇಲಿಂದ ಕಾಣಲ್ಲ, ಮೊಣಕಾಲುದ್ದ ಅನ್ಕೊಂಡ ಕಡೆ ಆಳು ಮುಳುಗುತ್ತೆ. ಅದಕ್ಕೇ ನೀರಿಗೆ ಕಾಲಿಡೋ ಹಂಗೇ ಇಲ್ಲ, ಈಜು ಬರೋನಿಗೂ ಇಲ್ಲ, ಮಳೆಗಾಲದಲ್ಲಿ ಹೊಳೆ ಬಿಟ್ಟು ಕುಂದವಾಡ ಕೆರೆ ಏರಿ ಮೇಲೆ ಸುತ್ತು.

ಆ ಚರಂಡಿ ಚಿತ್ರ ಈಗ ಅತ್ತೆ ಮನೆ ಪಡಸಾಲೇಲಿ ಕ್ಯಾಲೆಂಡರ್ ಪಕ್ಕ ಐತೆ, ಹುಡುಗಾನೇ ಕೊಟ್ಟ. ಹೋದ ತಿಂಗ್ಳು ಆ ಓಣೀಲಿ ಹಾದು ಹೋಗುವಾಗ ಅವ್ರು ನನ್ನ ತಡೆದು ನಿಲ್ಲಿಸಿದ್ರು. "ಅಲ್ರೀ ಮೇಷ್ಟ್ರೇ, ದಿನಾ ಅದನ್ನ ನೋಡ್ತೀನಿ, ಬಟ್ಟೆ ಒಗೆಯುವಾಗ ಮನ್ಸಿಗೆ ಒಂಥರಾ ಆಗುತ್ತೆ. ಆ ನೀರನ್ನ ನಾನು ಇನ್ನೆಲ್ಲಿ ಬಿಡ್ಲಿ, ಹೇಳ್ರಿ?" ನಂಗೆ ಏನೂ ಹೊಳೀಲಿಲ್ಲ, ಅವ್ರು ಕೊಟ್ಟ ಚಾ ಕುಡಿದು ಬಂದೆ.