147573952589676412927: ಅಪವರ್ತನ ಹುಡುಕಾಟದ ಪ್ರಗತಿ

2ರ 67ನೆಯ ಘಾತದಿಂದ 1 ಕಳೆದರೆ ಬರುವ, 21 ಅಂಕಿಗಳ 14,75,73,95,25,89,67,64,12,927 ಎಂಬ ಒಂದೇ ಸಂಖ್ಯೆ ಈ ಯೋಜನೆಯ ವಸ್ತು. 1644ರಲ್ಲಿ ಫ್ರಾನ್ಸಿನ ವಿದ್ವಾಂಸ ಮೆರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದರು. ಇದು ಅವಿಭಾಜ್ಯವಲ್ಲವೆಂದು 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ ಒಂದು ಅಪವರ್ತನವನ್ನೂ ಕಾಣದೆಯೇ ಸಾಧಿಸಿದರು. ಅಪವರ್ತನಗಳನ್ನು 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟರು. ಉತ್ತರ ತಿಳಿದದ್ದೇ ಆದರೂ, ಪ್ರತಿಯೊಂದು ಹೆಜ್ಜೆಯ ಕಾರಣವನ್ನು ಅರಿತು ಅದನ್ನು ನನ್ನ ಪ್ರೋಗ್ರಾಮಿನಿಂದಲೇ ಪಡೆಯಬೇಕೆಂಬುದು ನನ್ನ ಆಸೆ.

ಮೊದಲ ಹಂತ ಕಾಗದದ ಮೇಲಿನದು. q ಎಂಬ ಅವಿಭಾಜ್ಯವು ಈ ಸಂಖ್ಯೆಯನ್ನು ಭಾಗಿಸುವುದಾದರೆ, 2ರ ಘಾತಗಳನ್ನು q ಇಂದ ಭಾಗಿಸಿದಾಗ ಶೇಷ 1 ಮೊದಲು ಬರುವುದು 67ನೆಯ ಘಾತದಲ್ಲಿಯೇ, ಏಕೆಂದರೆ 67 ಸ್ವತಃ ಅವಿಭಾಜ್ಯ; ಆಗ ಫರ್ಮಾ ಪ್ರಮೇಯದ ಪ್ರಕಾರ (2ರ q−1ನೆಯ ಘಾತಕ್ಕೂ q ಇಂದ ಶೇಷ 1 ಬರುತ್ತದೆ) q−1 ಅನ್ನು 67 ಭಾಗಿಸಲೇಬೇಕು, ಮತ್ತು q ಬೆಸವಾದ್ದರಿಂದ q = 134k+1 ಆಗುತ್ತದೆ. ಇನ್ನೊಂದು ನಿರ್ಬಂಧ ಇದಕ್ಕಿಂತಲೂ ಸುಂದರವಾದದ್ದು: 2ರ 68ನೆಯ ಘಾತ ಒಂದು ಪೂರ್ಣವರ್ಗ, ಅದನ್ನು q ಇಂದ ಭಾಗಿಸಿದರೆ ಶೇಷ 2; ಒಂದು ವರ್ಗಕ್ಕೆ ಶೇಷ 2 ಬರುವಂಥ ಬೆಸ ಅವಿಭಾಜ್ಯಗಳ ಬಗ್ಗೆ ತಿಳಿದಿರುವ ನಿಯಮದಂತೆ q ಅನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬಹುದು. ಅಂದರೆ k ಅನ್ನು 4ರಿಂದ ಭಾಗಿಸಿದಾಗ 0 ಇಲ್ಲವೇ 1 ಉಳಿಯಬೇಕು. ಅರ್ಧದಷ್ಟು ಕೆಲಸ ಇಲ್ಲಿಯೇ ತಪ್ಪಿತು.

ಪ್ರೋಗ್ರಾಮು 21 ಅಂಕಿಗಳನ್ನು ಎಲ್ಲಿಯೂ ಸಂಗ್ರಹಿಸುವುದಿಲ್ಲ. 67 = 64+2+1 ಆದ್ದರಿಂದ, ಪ್ರತಿ q ಗೆ 2 ಅನ್ನು ಆರು ಸಲ ವರ್ಗಗೊಳಿಸುತ್ತ ಶೇಷವನ್ನಷ್ಟೇ ಉಳಿಸಿಕೊಂಡು, 64, 2, 1ನೆಯ ಘಾತಗಳ ಶೇಷಗಳನ್ನು ಗುಣಿಸಿದರೆ ಸಾಕು; ಕೊನೆಗೆ ಶೇಷ 1 ಬಂದರೆ q ಒಂದು ಅಪವರ್ತನ. k ಅನ್ನು 1ರಿಂದ ಕ್ರಮವಾಗಿ ಏರಿಸುತ್ತ ಹೋದಾಗ ಅದು ನಿಂತದ್ದು k = 14,45,580ರಲ್ಲಿ, ಅಂದರೆ q = 19,37,07,721ರಲ್ಲಿ. ಇನ್ನೊಂದು ಅಪವರ್ತನ 7,61,83,82,57,287. ವರ್ಗಮೂಲದವರೆಗೆ ಹುಡುಕಬೇಕಾಗಿದ್ದರೆ k ಒಂಬತ್ತು ಕೋಟಿಯನ್ನು ದಾಟಬೇಕಿತ್ತು.

ಈ ಎರಡೂ ಅವಿಭಾಜ್ಯಗಳೆಂದು ತೋರಿಸಲು ಬೇರೆ ಪರೀಕ್ಷೆ ಬೇಕಾಗಲಿಲ್ಲ ಎಂಬುದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಕ್ರಮವಾಗಿ ಹುಡುಕಿದಾಗ ಮೊದಲು ಸಿಕ್ಕಿದ ಅಪವರ್ತನಕ್ಕೆ ತನಗಿಂತ ಚಿಕ್ಕ ಅವಿಭಾಜ್ಯ ಭಾಜಕ ಇರಲಾರದು. ಎರಡನೆಯದರ ಯಾವ ಅವಿಭಾಜ್ಯ ಭಾಜಕವೂ ಮೂಲ ಸಂಖ್ಯೆಯ ಭಾಜಕವೇ ಆದ್ದರಿಂದ 19,37,07,721ಕ್ಕಿಂತ ಕಡಿಮೆ ಇರಲಾಗದು. ಅಂಥ ಎರಡರ ಗುಣಲಬ್ಧ ಎರಡನೆಯ ಅಪವರ್ತನವನ್ನು ಬಹುದೂರ ಮೀರುತ್ತದೆ.

ಮುಂದಿನ ಹಂತಕ್ಕೆ 1974ರಲ್ಲಿ ಪೊಲಾರ್ಡ್ ಪ್ರಕಟಿಸಿದ p−1 ವಿಧಾನವನ್ನು ಆರಿಸಿಕೊಂಡಿದ್ದೇನೆ. ಇದರಲ್ಲಿ ಆಧಾರವೆಂಬ ಒಂದು ಸಂಖ್ಯೆಯನ್ನು, ಒಂದು ಮಿತಿಯೊಳಗಿನ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಪಡೆದ ಘಾತಕ್ಕೆ ಏರಿಸಿ, 1 ಕಳೆದು, ಮೂಲ ಸಂಖ್ಯೆಯೊಂದಿಗೆ ಮಹತ್ತಮ ಸಾಮಾನ್ಯ ಅಪವರ್ತನ ತೆಗೆಯುತ್ತಾರೆ; p ಎಂಬ ಅವಿಭಾಜ್ಯ ಅಪವರ್ತನದಿಂದ 1 ಕಳೆದಾಗ ಬರುವ ಸಂಖ್ಯೆಯ ಭಾಜಕಗಳೆಲ್ಲ ಆ ಘಾತದಲ್ಲಿ ಸೇರಿದ್ದರೆ p ಹೊರಬೀಳುತ್ತದೆ. 19,37,07,720 = 2³×3³×5×67×2677; ಇನ್ನೊಂದರಿಂದ 1 ಕಳೆದರೆ 2×3²×29×67×2551×8539. ಮಿತಿಯನ್ನು 3000ಕ್ಕೆ ಇಟ್ಟರೆ 2677 ಅದರೊಳಗೆ ಬರುತ್ತದೆ, 8539 ಹೊರಗುಳಿಯುತ್ತದೆ. ಹಾಗಾಗಿ ಚಿಕ್ಕ ಅಪವರ್ತನವೊಂದೇ ಬೇರ್ಪಡಬೇಕು. ಆಧಾರವಾಗಿ 2 ಅನ್ನು ಮಾತ್ರ ಬಳಸುವಂತಿಲ್ಲ, ಏಕೆಂದರೆ ಘಾತದಲ್ಲಿ 67 ಸೇರಿದ ಕೂಡಲೇ ಎರಡೂ ಅಪವರ್ತನಗಳಿಗೆ ಶೇಷ ಒಟ್ಟಿಗೆ 1 ಆಗಿ, ಮಹತ್ತಮ ಸಾಮಾನ್ಯ ಅಪವರ್ತನವಾಗಿ ಇಡೀ ಸಂಖ್ಯೆಯೇ ಮರಳಿ ಬರುತ್ತದೆ. ಆದ್ದರಿಂದ 3ರಿಂದ ಆರಂಭಿಸುತ್ತೇನೆ.