ರಾಜನಿಲ್ಲದ ದೇಶದ ಮೊದಲ ಪಾಠ

ಈ ವಾರ ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಅಮೆರಿಕದ ಮೊದಲ ಸರ್ಕಾರದ ಪಾಠ. ಈಗಿನ ಸಂವಿಧಾನ ಅಲ್ಲ, ಅದಕ್ಕೂ ಮುಂಚೆ 1781ರಲ್ಲಿ ಜಾರಿಗೆ ಬಂದ 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್', ಅಂದ್ರೆ ರಾಜ್ಯಗಳ ಒಕ್ಕೂಟದ ಒಪ್ಪಂದ. ದೇಶ ನಡೆಸೋ ಅಧ್ಯಕ್ಷ ಇಲ್ಲ, ಸುಪ್ರೀಂ ಕೋರ್ಟ್ ಇಲ್ಲ, ತೆರಿಗೆ ಹಾಕೋ ಅಧಿಕಾರವೂ ಇಲ್ಲ. ಸೈನಿಕರ ಸಂಬಳಕ್ಕೂ ಕಾಂಗ್ರೆಸ್ಸು (ರಾಜ್ಯಗಳ ಪ್ರತಿನಿಧಿಗಳ ಸಭೆ) ರಾಜ್ಯಗಳ ಮುಂದೆ ಕೈ ಚಾಚಬೇಕಿತ್ತು.

ತಿದ್ದುಪಡಿ ಬೇಕಂದ್ರೆ 13 ರಾಜ್ಯಗಳೂ ಒಪ್ಪಬೇಕು. ಆಮದು ಸರಕಿಗೆ ಶೇ. 5 ಸುಂಕ ಹಾಕೋಣ ಅಂದಾಗ 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆ ಅಂದಿತು. ಇದನ್ನೇ ಕ್ಲಾಸಿನಲ್ಲಿ ಆಡಿಸಿದೆ. ರೋಡ್ ಐಲೆಂಡ್ ಆಗಿದ್ದ ಕೊನೇ ಬೆಂಚಿನ ಹುಡುಗಿ ಬೇಡ ಅಂತ ಸುಮ್ನೆ ತಲೆ ಅಲ್ಲಾಡಿಸಿದಳು. ಉಳಿದವರೆಲ್ಲ ಡೆಸ್ಕ್ ಬಡಿದು ಕೂಗಾಡಿದರು. ಅವಳು ಜಗ್ಗಲಿಲ್ಲ!

ಇದನ್ನು ಬರೀ ಸೋತ ವ್ಯವಸ್ಥೆ ಅಂತ ಎರಡು ಸಾಲಲ್ಲಿ ಮುಗಿಸೋದು ನನಗೆ ಇಷ್ಟವಿಲ್ಲ. ಆಗ ತಾನೇ ರಾಜನಿಂದ ಬಿಡಿಸಿಕೊಂಡವರು ಇನ್ನೊಬ್ಬನ ಕೈಗೆ ಜುಟ್ಟು ಕೊಡೋಕೆ ಹೆದರಿದ್ದು ಸಹಜ ಅಲ್ವಾ? ವಾಯವ್ಯ ಪ್ರಾಂತ್ಯದಲ್ಲಿ (ಓಹಿಯೋ ನದಿಯ ಉತ್ತರದ ಪ್ರದೇಶ) ಗುಲಾಮಗಿರಿ ಕೂಡದು ಅಂತ 1787ರಲ್ಲಿ ಕಾನೂನು ಮಾಡಿದ್ದೂ ಇದೇ ಕಾಂಗ್ರೆಸ್ಸು.

ನಾಳೆ ಶೇಸ್ ದಂಗೆ. ಸಾಲ, ತೆರಿಗೆಯಲ್ಲಿ ಮುಳುಗಿದ್ದ ಮ್ಯಾಸಚೂಸೆಟ್ಸ್ ರೈತರ ಕಥೆ. ಅದಕ್ಕೆ ಇಡೀ ಪೀರಿಯಡ್ ಇಟ್ಟಿದ್ದೇನೆ.