ಕೊಲಂಬಸ್‌ನಲ್ಲಿ ಗಿಡ್ಡ ತಂಡ ಗೆದ್ದ ಸಂಜೆ

ಬಾಸ್ಕೆಟ್‌ಬಾಲ್ ಆಟಗಾರ ಝಾಕ್ ಈಡಿಯ ಎತ್ತರ 7 ಅಡಿ 4 ಅಂಗುಲ. ಟಿವಿಯಲ್ಲಿ ಎಷ್ಟು ನೋಡಿದರೂ ಈ ಎತ್ತರ ಮನಸ್ಸಿಗೆ ನಾಟುವುದಿಲ್ಲ. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನ ನೇಶನ್‌ವೈಡ್ ಅರೀನಾದಲ್ಲಿ ಅವನು ವಾರ್ಮಪ್‌ಗೆ ಇಳಿದಾಗ ನಾನು ಮೊದಲ ಸಲ ಕಣ್ಣಾರೆ ಕಂಡೆ. ಅವನು ಕೈ ಎತ್ತಿ ನಿಂತರೆ ಸಾಕು, ಜಿಗಿಯುವ ಅಗತ್ಯವೇ ಕಾಣುತ್ತಿರಲಿಲ್ಲ.

ಅದು 2023ರ ಮಾರ್ಚ್ 17. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತು. ಒಂದು ಕಡೆ ಈಡಿ ಆಡುತ್ತಿದ್ದ ಪರ್ಡ್ಯೂ, ಬಿಗ್ ಟೆನ್ ಅನ್ನುವ ದೊಡ್ಡ ಲೀಗಿನ ಚಾಂಪಿಯನ್, ಮೊದಲ ಶ್ರೇಯಾಂಕ. ಇನ್ನೊಂದು ಕಡೆ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್, ಹದಿನಾರನೇ ಶ್ರೇಯಾಂಕ, ಅಂದರೆ ಗುಂಪಿನಲ್ಲಿ ಕೊನೆಯದು. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒನ್‌ನ 363 ತಂಡಗಳಲ್ಲಿ ಸರಾಸರಿ ಎತ್ತರ ಎಲ್ಲರಿಗಿಂತ ಕಡಿಮೆ ಇದ್ದದ್ದು ಇವರದ್ದೇ. ಹಿಂದಿನ ವರ್ಷ ಗೆದ್ದದ್ದು ಬರೀ ನಾಲ್ಕು ಪಂದ್ಯ. ತಮ್ಮ ಲೀಗಿನ ಫೈನಲ್ ಕೂಡ ಸೋತಿದ್ದರು. ಗೆದ್ದ ಮೆರಿಮ್ಯಾಕ್‌ಗೆ ನಿಯಮದ ಪ್ರಕಾರ ಟೂರ್ನಿ ಆಡುವ ಅರ್ಹತೆ ಇರಲಿಲ್ಲ, ಹಾಗಾಗಿ ಇವರಿಗೆ ಜಾಗ ಸಿಕ್ಕಿತು.

ಅಕ್ಕನ ಮಗ ಆಗ ಪರ್ಡ್ಯೂದಲ್ಲಿ ಓದುತ್ತಿದ್ದ. ಇಂಡಿಯಾನಾದಿಂದ ಗೆಳೆಯರ ಕಾರಿನಲ್ಲಿ ಬಂದು, ಕಪ್ಪು-ಚಿನ್ನದ ಬಣ್ಣದ ಟೀ ಶರ್ಟ್ ಹಾಕಿಕೊಂಡು ನನ್ನ ಪಕ್ಕ ಕೂತ. "ಚಿಕ್ಕಮ್ಮ, ಇದನ್ನು ಮ್ಯಾಚ್ ಅಂತ ಕರೀಬೇಡಿ, ನಮಗೆ ಪ್ರಾಕ್ಟೀಸ್ ಅಷ್ಟೇ" ಅಂದ. ನಾನು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತರುವ ಜಾಗದಲ್ಲಿ ಆಡಿದವಳು, ತಂಡದಲ್ಲೇ ಗಿಡ್ಡಿ. ನನ್ನ ಕಣ್ಣು ಸಹಜವಾಗಿ ಫೇರ್ಲಿ ಡಿಕಿನ್ಸನ್‌ನ ಗಾರ್ಡ್ ಡೆಮೆಟ್ರಿ ರಾಬರ್ಟ್ಸ್ ಮೇಲೆ ನೆಟ್ಟಿತ್ತು. 5 ಅಡಿ 8 ಅಂಗುಲದ ಹುಡುಗ.

ಶುರುವಿನಿಂದಲೇ ಒಂದು ವಿಷಯ ಕಾಣಿಸಿತು. ಫೇರ್ಲಿ ಡಿಕಿನ್ಸನ್‌ನವರು ಈಡಿಯ ಜೊತೆ ರಿಂಗಿನ ಕೆಳಗೆ ಹೋರಾಡುವುದಕ್ಕಿಂತ ಅವನ ಕೈಗೆ ಚೆಂಡು ಸೇರದ ಹಾಗೆ ನೋಡಿಕೊಳ್ಳಲು ಒದ್ದಾಡುತ್ತಿದ್ದರು. ಒಬ್ಬ ಅವನ ಮುಂದೆ ನಿಲ್ಲುತ್ತಿದ್ದ, ಇನ್ನೊಬ್ಬ ಬೆನ್ನಿಗೆ. ಉಳಿದವರು ಇಡೀ ಅಂಕಣದಲ್ಲಿ ಚೆಂಡು ಹಿಡಿದವನನ್ನು ಬೆನ್ನಟ್ಟುತ್ತಿದ್ದರು. ಪರ್ಡ್ಯೂದ ಇಬ್ಬರು ಗಾರ್ಡ್‌ಗಳೂ ಮೊದಲ ವರ್ಷದ ಹುಡುಗರು. ಅರ್ಧ ಅಂಕಣ ದಾಟುವ ಹೊತ್ತಿಗೇ ಅವರ ಉಸಿರು ಕಟ್ಟುತ್ತಿತ್ತು. ಕಾಲೇಜು ಆಟದಲ್ಲಿ ಒಂದು ದಾಳಿಗೆ ಸಿಗುವುದು 30 ಸೆಕೆಂಡ್. ಅದರಲ್ಲಿ ಹತ್ತು ಚೆಂಡು ತರುವುದರಲ್ಲೇ ಹೋದರೆ, ಆ ದೈತ್ಯನಿಗೆ ಪಾಸ್ ಕೊಡಲು ಸರಿಯಾದ ಕೋನ ಹುಡುಕುವುದಕ್ಕೆ ಪುರಸೊತ್ತೆಲ್ಲಿ?

ಎತ್ತರದವನಿಗೆ ಇನ್ನೊಂದು ಕಷ್ಟವೂ ಇದೆ. ಎದುರು ತಂಡದಲ್ಲಿ ಎಲ್ಲರೂ ಚುರುಕಾದ ಹುಡುಗರಾದರೆ, ಡಿಫೆನ್ಸ್ ಮಾಡುವಾಗ ಅವನು ರಿಂಗಿನ ಕೆಳಗೆ ಆರಾಮಾಗಿ ನಿಲ್ಲುವ ಹಾಗಿಲ್ಲ. ದೂರದಿಂದ ಹಾಕಿದರೆ ಮೂರು ಅಂಕ ಸಿಗುವ ಥ್ರೀ ಪಾಯಿಂಟ್ ಗೆರೆಯವರೆಗೆ ಬರಬೇಕು. ಅಲ್ಲಿ ಅವನ ಉದ್ದದ ಕಾಲು ಅವನಿಗೇ ಭಾರ.

ಅರ್ಧ ಆಟಕ್ಕೆ 32-31. ಮುಂದಿದ್ದದ್ದು ಗಿಡ್ಡ ತಂಡ. ಅಕ್ಕನ ಮಗ ಫೋನು ಜೇಬಿಗೆ ಇಟ್ಟ.

ಆಮೇಲೆ ಸ್ಟೇಡಿಯಂ ತಿರುಗಿತು. ಅದೇ ಅಂಕಣದಲ್ಲಿ ಮುಂದಿನ ಪಂದ್ಯ ಮೆಂಫಿಸ್ ಮತ್ತು ಫ್ಲೋರಿಡಾ ಅಟ್ಲಾಂಟಿಕ್‌ದು. ಆ ಎರಡು ತಂಡಗಳ ಅಭಿಮಾನಿಗಳು ಆಗಲೇ ಬಂದು ಕೂತಿದ್ದರು. ಎಲ್ಲರೂ ಸಣ್ಣ ತಂಡದ ಪರ ಕೂಗಲು ಶುರುಮಾಡಿದರು. ಪರ್ಡ್ಯೂ ಹುಡುಗರ ಥ್ರೀಗಳು ಬೀಳುತ್ತಲೇ ಇರಲಿಲ್ಲ, 26ರಲ್ಲಿ 5 ಮಾತ್ರ. ಇದರಲ್ಲಿ ಅದೃಷ್ಟದ ಪಾಲು ಖಂಡಿತ ಇದೆ. ಇವೇ ತಂಡಗಳು ಏಳು ಪಂದ್ಯದ ಸರಣಿ ಆಡಿದ್ದರೆ ಪರ್ಡ್ಯೂ ಗೆಲ್ಲುತ್ತಿತ್ತು. ಆದರೆ ಮಾರ್ಚ್‌ನಲ್ಲಿ ಇರುವುದು ಒಂದೇ ಪಂದ್ಯ, ನಲವತ್ತೇ ನಿಮಿಷ. ಅಷ್ಟು ಹೊತ್ತು ಮಾತ್ರ ಉತ್ತಮವಾಗಿ ಆಡಿದರೆ ಸಾಕು. ಅದೃಷ್ಟ ಬಾಗಿಲಿಗೆ ಬಂದಾಗ ಮನೆಯಲ್ಲಿರಬೇಕು ಅಷ್ಟೇ, ಅಲ್ವಾ?

ಒಂದು ನಿಮಿಷ ಉಳಿದಿದ್ದಾಗ ಫೇರ್ಲಿ ಡಿಕಿನ್ಸನ್‌ನ ಶಾನ್ ಮೂರ್ ಥ್ರೀ ಹಾಕಿದ. 61-56. ಅವನು ಕೊಲಂಬಸ್‌ನವನೇ, ಊರಿನ ಹುಡುಗ. ನಾನು ಎದ್ದು ನಿಂತು ಕೂಗಿದೆ, ಗಂಟಲು ಕಟ್ಟಿತು. ಕೊನೆಗೆ 63-58. ಪುರುಷರ ಟೂರ್ನಿಯಲ್ಲಿ ಹದಿನಾರನೇ ಶ್ರೇಯಾಂಕ ಒಂದನೇ ಶ್ರೇಯಾಂಕವನ್ನು ಸೋಲಿಸಿದ್ದು ಇದು ಎರಡನೇ ಸಲ. ಮೊದಲನೆಯದು 2018ರಲ್ಲಿ ಯುಎಂಬಿಸಿ (ಮೇರಿಲ್ಯಾಂಡ್‌ನ ವಿಶ್ವವಿದ್ಯಾಲಯ) ತಂಡ ವರ್ಜೀನಿಯಾ ತಂಡವನ್ನು 74-54ಕ್ಕೆ ಸೋಲಿಸಿದ್ದು. ಈಡಿ 21 ಅಂಕ, 15 ರಿಬೌಂಡ್ ತೆಗೆದಿದ್ದ. ಅವನ ತಪ್ಪು ಏನೂ ಇರಲಿಲ್ಲ.

ಅಕ್ಕನ ಮಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಇವರು ಹೇಗೆ ಹೆದರಲಿಲ್ಲ ಚಿಕ್ಕಮ್ಮ?"

ನನ್ನ ಉತ್ತರ ಇಂದಿಗೂ ಅದೇ. ರಾಬರ್ಟ್ಸ್, ಗ್ರಾಂಟ್ ಸಿಂಗಲ್ಟನ್, ಮೂರ್, ಈ ಮೂವರೂ ಕೋಚ್ ಟೋಬಿನ್ ಆಂಡರ್ಸನ್ ಜೊತೆ ಸೇಂಟ್ ಥಾಮಸ್ ಅಕ್ವಿನಾಸ್ ಅನ್ನುವ ಡಿವಿಷನ್ ಟೂ ಕಾಲೇಜಿನಿಂದ ಬಂದವರು. ಇಡೀ ಅಂಕಣದಲ್ಲಿ ಬೆನ್ನಟ್ಟುವ ಈ ಪ್ರೆಸ್ ಅವರಿಗೆ ಹೊಸದಲ್ಲ. ಯಾರು ಯಾವಾಗ ಬಿಟ್ಟು ಓಡುತ್ತಾರೆ, ಆ ಜಾಗಕ್ಕೆ ಯಾರು ಬರಬೇಕು ಅನ್ನುವುದು ಮಾತಿಲ್ಲದೆ ಗೊತ್ತು. ದೊಡ್ಡ ಕಾಲೇಜುಗಳಿಗೆ ಪ್ರತಿಭೆ ಸಿಗುತ್ತದೆ. ಆದರೆ ಆ ಪ್ರತಿಭೆ ಒಂದು ವರ್ಷ ಆಡಿ ವೃತ್ತಿಪರ ಲೀಗಾದ ಎನ್‌ಬಿಎಗೆ ಹೋಗಿಬಿಡುವುದು ಸಾಮಾನ್ಯ. ಸಣ್ಣ ಕಾಲೇಜಿಗೆ ಉಳಿಯುವುದು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು, ಒಟ್ಟಿಗೆ ಸೋತು ಒಟ್ಟಿಗೆ ಗೆದ್ದವರು.

ಈಗ ನನ್ನನ್ನು ಕಾಡುವುದೂ ಇದೇ. ಆಂಡರ್ಸನ್ ಆ ಪಂದ್ಯದ ಕೆಲವೇ ದಿನದಲ್ಲಿ ಅಯೋನಾ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದ ಕೋಚ್ ಆಗಿ ಹೋದರು. ಆಟಗಾರರು ಕಾಲೇಜು ಬದಲಿಸುವುದು ಸುಲಭವಾಗಿದೆ, ಹಣವೂ ಬಂದಿದೆ. ಅದು ಅವರ ಹಕ್ಕು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಸಣ್ಣ ತಂಡದಲ್ಲಿ ಒಬ್ಬ ಚೆನ್ನಾಗಿ ಆಡಿದರೆ ಮುಂದಿನ ವರ್ಷ ಅವನು ದೊಡ್ಡ ತಂಡದಲ್ಲಿರುತ್ತಾನೆ. 2025ರಲ್ಲಿ ಕೊನೆಯ ಹದಿನಾರರಲ್ಲಿ ಉಳಿದವೆಲ್ಲ ನಾಲ್ಕು ದೊಡ್ಡ ಲೀಗುಗಳ ತಂಡಗಳೇ. ನೋಡಿ ಬೇಜಾರಾಯಿತು.

ಆದರೂ ಪ್ರತಿ ಮಾರ್ಚ್‌ನಲ್ಲಿ ಡ್ರಾ ಬಂದ ಕೂಡಲೇ ನಾನು ಮತ್ತು ಅಕ್ಕನ ಮಗ ಫೋನಿನಲ್ಲಿ ಕೂರುತ್ತೇವೆ. ಅವನು ಮೊದಲು ಪರ್ಡ್ಯೂ ಹುಡುಕುತ್ತಾನೆ. ನಾನು ಹದಿಮೂರರಿಂದ ಹದಿನಾರರವರೆಗಿನ ತಂಡಗಳ ಗಾರ್ಡ್‌ಗಳು ಎಷ್ಟು ವರ್ಷದಿಂದ ಒಟ್ಟಿಗೆ ಆಡುತ್ತಿದ್ದಾರೆ ಅಂತ ನೋಡುತ್ತೇನೆ.